ಕಿವಿ ಯಾರ ಇಲಾಖೆ?

"ಇನ್ನು ಮುಂದೆ ಹಾಸನ ಜಿಲ್ಲೆಯ ಹೆಂಗಸರ ಕಿವಿಗೆಲ್ಲ ನಾನೇ ಹೊಣೆ!"

ಡ್ರಾಯಿಂಗ್ ಮೇಷ್ಟ್ರು ನಂಜುಂಡಯ್ಯನವರು ಕಾಫಿ ಲೋಟ ಕೆಳಗಿಟ್ಟು ಹೀಗೆ ಘೋಷಿಸಿದಾಗ, ಹುರುಳಿಕಾಯಿ ಸೋಸುತ್ತಿದ್ದ ಹೆಂಡತಿ ಹಂಸ ತಲೆಯನ್ನೂ ಎತ್ತಲಿಲ್ಲ. ಅದು ತೊಂಬತ್ತೆಂಟನೇ ಇಸವಿ. ಹೊಳೆನರಸೀಪುರದ ಒಡವೆ ತರಬೇತಿ ಕೇಂದ್ರದವರಿಗೆ, ಬರೀ ಕೆಲಸ ಕಲಿಸಿದರೆ ಸಾಲದು, ಡಿಸೈನೂ ಕಲಿಸಬೇಕು ಅಂತ ಜ್ಞಾನೋದಯವಾಗಿತ್ತು. ಕಾಯಿಸಿ, ಬಡಿದು, ಬೆಸೆಯುವುದಕ್ಕೆ ಅಕ್ಕಸಾಲಿ ಚಂದ್ರಯ್ಯ ಇದ್ದೇ ಇದ್ದ. ಡಿಸೈನಿಗೆ ನಮ್ಮ ಮೇಷ್ಟ್ರು! ಕ್ಯಾಲೆಂಡರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲಾರದ ಕೈ, ಚಿನ್ನಕ್ಕೆ ದಾರಿ ತೋರಿಸಲು ಹೊರಟಿತ್ತು.

ಮೊದಲ ದಿನವೇ ಬೋರ್ಡಿನ ತುಂಬ ಒಂದು ಜುಮಕಿ ಬರೆದರು. ಹಳೇಬೀಡಿನ ಗೋಡೆಯಿಂದ ಎದ್ದು ಬಂದಂಥ ಮಕರ, ತೆರೆದ ಬಾಯಿ, ಬಾಯಿ ತುಂಬ ಚೂಪು ಹಲ್ಲು, ಕೆಳಗೆ ಮೂರಂತಸ್ತಿನ ಗೋಪುರ!

"ಬೋ ಚೆಂದಾಗೈತೆ ಸಾ," ಎಂದ ಚಂದ್ರಯ್ಯ. "ಆದ್ರೆ ತೂಕ..."

"ನೋಡಪ್ಪ, ತೂಕ ನಿನ್ನ ಇಲಾಖೆ, ಚೆಂದ ನನ್ನ ಇಲಾಖೆ!"

"ಆಗ್ಲಿ ಸಾ. ಕಿವಿ ಯಾರ ಇಲಾಖೆ?"

ಮೇಷ್ಟ್ರು ಬೋರ್ಡಿಗೆ ತಿರುಗಿ ಮಕರಕ್ಕೆ ಇನ್ನೆರಡು ಹಲ್ಲು ಸೇರಿಸಿದರು.

ಕೇಂದ್ರದ ಪ್ರದರ್ಶನಕ್ಕೆ ಮಾದರಿ ಮಾಡಲು ಚಿನ್ನ ಬೇಕಿತ್ತು. ಮೇಷ್ಟ್ರ ಕಣ್ಣು ಹಂಸಳ ಜುಮಕಿಯ ಮೇಲೆ ಬಿತ್ತು.

"ಮದುವೆ ದಿನ ಅಮ್ಮ ತನ್ನ ಕಿವಿಯಿಂದ ಬಿಚ್ಚಿ ಹಾಕಿದ್ದು ರೀ. ಈಗ ಅಮ್ಮನೂ ಇಲ್ಲ."

"ಚಿನ್ನ ಎಲ್ಲಿಗೆ ಹೋಗುತ್ತೆ? ಅದೇ ಚಿನ್ನ, ಹೊಸ ಅವತಾರ!"

"ಕೆಟ್ಟರೆ?"

"ಮೊದಲಿದ್ದ ಹಾಗೇ ಮಾಡಿಸಿಕೊಡ್ತೀನಿ. ಮಾತು ಅಂದ್ರೆ ಮಾತು!"

ಜುಮಕಿ ಕರಗಿತು. ಸಾಲದೆ ಬಂದಿದ್ದಕ್ಕೆ ಮೇಷ್ಟ್ರ ಮದುವೆಯುಂಗುರವೂ ಕರಗಿತು.

ಪ್ರದರ್ಶನದ ದಿನ ಹಂಸಳ ಕಿವಿ ಹೆಗಲಿಗಿಳಿಯಲು ಎರಡೇ ಬೆರಳು ಬಾಕಿ. ವೇದಿಕೆಯಲ್ಲಿ ಮುಖ್ಯ ಅತಿಥಿ, ನಿವೃತ್ತ ಪ್ರಾಂಶುಪಾಲರಾದ ಶ್ರೀಗೌರಿಯವರಿಗೆ ಕುಂಕುಮ ಕೊಡಲು ಅವಳು ಬಗ್ಗಿದ್ದೇ ತಡ, ಮಕರ ತನ್ನ ಗುಣ ತೋರಿಸಿತು. ಅತಿಥಿಗಳ ರೇಷ್ಮೆ ಸೆರಗಿಗೇ ಬಾಯಿ ಹಾಕಿ ಕಚ್ಚಿಕೊಂಡಿತು! ಎಳೆದರೆ ಕಿವಿ ಹರಿಯುತ್ತೆ, ಜಗ್ಗಿದರೆ ಜರಿ ಹರಿಯುತ್ತೆ. ಇಬ್ಬರೂ ಅಪ್ಪಿಕೊಂಡರೆಂದು ತಿಳಿದು ಸಭಿಕರು ಚಪ್ಪಾಳೆ ತಟ್ಟಿದರು.

ಚಂದ್ರಯ್ಯ ಇಕ್ಕಳ ಹಿಡಿದು ಓಡಿಬಂದ. "ಏನ್ ಕತ್ತರಿಸ್ಲಿ ಸಾ? ಸೀರೆನೋ, ಮಕರನೋ?"

ಅತಿಥಿಗಳ ಹೆಗಲ ಮೇಲಿಂದಲೇ ಹಂಸ ಅಂದಳು: "ಮೇಷ್ಟ್ರನ್ನ ಕತ್ತರಿಸಪ್ಪ!"

ಕೊನೆಗೆ ಮಕರದ ದವಡೆ ಹೋಯಿತು.

ಮರುದಿನ ಬೆಳಿಗ್ಗೆ ಹಂಸಳ ಕಿವಿ ಟೊಮೆಟೊ ಹಣ್ಣಾಗಿತ್ತು. ಮೇಷ್ಟ್ರು ಸುಮ್ಮನಿರಬಾರದೆ? "ಕಲೆಗೋಸ್ಕರ ಸ್ವಲ್ಪ ಸಹಿಸ್ಕೋಬೇಕು ಕಣೇ," ಅಂದುಬಿಟ್ಟರು.

ಹಂಸ ಅವರ ಕಿವಿಯನ್ನೇ ದಿಟ್ಟಿಸಿದಳು. ಕೂಸಾಗಿದ್ದಾಗ ಶಾಸ್ತ್ರಕ್ಕೆ ಚುಚ್ಚಿಸಿದ ಕಿವಿ. ಮದುವೆಯವರೆಗೂ ಕಡುಕು ಹಾಕಿದ್ದರಿಂದ ತೂತು ಇನ್ನೂ ಮುಚ್ಚಿರಲಿಲ್ಲ. ಜೋಡಿಯಲ್ಲಿ ದವಡೆ ಉಳಿದಿದ್ದ ಇನ್ನೊಂದು ಮಕರವನ್ನು ತಂದು ಅದಕ್ಕೇ ಸಿಕ್ಕಿಸಿದಳು. "ಸಹಿಸ್ಕೊಳ್ಳಿ."

ಬನಿಯನ್ನು, ಪಂಚೆ, ಮಕರಕುಂಡಲ! ಈ ವೇಷದಲ್ಲಿ ಕೂತಿದ್ದಾಗಲೇ ಚಂದ್ರಯ್ಯ ಬಂದ. ನಗು ನುಂಗಿಕೊಂಡು ಹೇಳಿದ: "ಅವ್ವಾ, ಮೊದ್ಲಿನಂಗೇ ಮಾಡ್ಕೊಡ್ತೀನಿ. ಹಳೇ ಜುಮಕಿ ಎಂಗಿತ್ತು ಅಂತ ಮೇಷ್ಟ್ರು ಬರ್ದುಕೊಟ್ರೆ ಸಾಕು."

"ಕರಗಿಸಿದೋನು ನೀನು. ನೋಡ್ಲಿಲ್ವೇನಯ್ಯ?"

"ತೂಕ ಬರ್ಕಂಡಿವ್ನಿ ಸಾ. ಚೆಂದ ನಿಮ್ ಇಲಾಖೆ ಅಂದಿದ್ರಲ್ಲ!"

ಮೇಷ್ಟ್ರು ಠೀವಿಯಿಂದ ಪೆನ್ಸಿಲ್ ಹಿಡಿದರು. ಬುಟ್ಟಿ ದುಂಡಗಿತ್ತೋ? ಎಸಳಿತ್ತೋ? ಹರಳು ಕೆಂಪೋ, ಬಿಳಿಯೋ? ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಎದುರಿಗೇ ತೂಗಾಡಿದ ಒಡವೆ! ಹಾಳೆ ಬೆಳ್ಳಗೇ ಉಳಿಯಿತು, ರಬ್ಬರು ಮಾತ್ರ ಸವೆಯಿತು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಹಂಸ ಹಾಳೆ ಎಳೆದುಕೊಂಡು, ರಂಗೋಲಿ ಹಾಕುವ ಕೈಯಲ್ಲಿ ಸರಸರ ಬರೆದಳು. ಏಳು ಎಸಳು, ಎಸಳಿಗೊಂದು ಮುತ್ತು, ನಡುವೆ ಪುಟ್ಟ ಗಿಳಿ.

"ಗಿಳಿ ಇತ್ತಾ?" ಎಂದರು ಮೇಷ್ಟ್ರು.

"ಇತ್ತು. ಇಪ್ಪತ್ತೆರಡು ವರ್ಷ ನಿಮ್ಮನ್ನೇ ನೋಡ್ತಾ ಕೂತಿತ್ತು."

ಮೇಷ್ಟ್ರು ತಲೆ ತಗ್ಗಿಸಿದರು. ಅಷ್ಟೇ ಸಾಕಾಯಿತು, ಮಕರ ಬನಿಯನ್ನು ಕಚ್ಚಿಕೊಂಡಿತು. ಮತ್ತೆ ತಲೆ ಎತ್ತಲು ಚಂದ್ರಯ್ಯನ ಇಕ್ಕಳವೇ ಬೇಕಾಯಿತು.