ಖಾಲಿ ಹೊಟ್ಟೆಯ ಹುಡುಕಾಟ

ಬೆಂಗಳೂರಿನ ಒಂದು ಖಾಸಗಿ ಸಂಶೋಧನಾ ಸಂಸ್ಥೆಗೆ, ಸಕ್ಕರೆ ಕಾಯಿಲೆಯ ಅಧ್ಯಯನಕ್ಕಾಗಿ ನಮ್ಮ ಕಡೆಯವರ ರಕ್ತ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ತೆಗೆಯಬೇಕು. ಅದು ನನ್ನ ಕೆಲಸ. ಆರು ವರ್ಷದಿಂದ ಇದೇ ಗೋಳು, ಸಾಕಾಗಿ ಹೋಗಿದೆ. ಈ ತಿಂಗಳೂ ರಕ್ತದ ಮಾದರಿಗಳ ಲೆಕ್ಕ ಭರ್ತಿಯಾಗದಿದ್ದರೆ ಇಲ್ಲಿಯ ಕೆಲಸ ಬಂದ್ ಎಂದು ಬೆಂಗಳೂರಿನ ಮೇಡಂ ಹೇಳಿದ್ದರು. ಮನೆಯಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ.

೧. ಬೆಳುವಾಯಿ

ಒಬ್ಬ ಕೃಷಿಕರು ಕೈ ಚಾಚಿ ಕೂತರು. "ಏನೂ ತಗೊಂಡಿಲ್ಲ ಅಲ್ವಾ?" ಎಂದು ಮೂರು ಸಲ ಕೇಳಿದೆ.

"ಇಲ್ಲ ಮಾರಾಯ್ರೆ."

ರಕ್ತ ತೆಗೆದು ಹೆಸರು ಬರೆಯುವಾಗ ಒಳಗಿನಿಂದ ಅವರ ಹೆಂಡತಿ ಕೇಳಿದರು, "ಗಂಜಿ ಇನ್ನೂ ಸ್ವಲ್ಪ ಬಡಿಸ್ಲಾ?"

ನಾನು ಕೃಷಿಕರ ಮುಖ ನೋಡಿದೆ.

"ಗಂಜಿಯನ್ನೂ ಲೆಕ್ಕ ಹಿಡಿಯುವುದುಂಟಾ? ತಿಂಡಿ ಒಂಬತ್ತಕ್ಕೆ!"

೨. ಲಾಯಿಲ

ಇಲ್ಲಿ ಮನೆಯವರು ನಿಜವಾಗಿಯೂ ಏನೂ ಮುಟ್ಟಿರಲಿಲ್ಲ. ನನಗೆ ಬೆಲ್ಲ, ನೀರು ತಂದಿಟ್ಟರು. ಬೇಡವೆಂದರೆ ಬೇಸರವಾದೀತೆಂದು ತಿಂದೆ. ಚೀಲದಿಂದ ಸೂಜಿ ತೆಗೆಯುವಷ್ಟರಲ್ಲಿ ಯಜಮಾನರ ಬಾಯಲ್ಲೂ ಬೆಲ್ಲ.

"ನೀವೊಬ್ಬರೇ ತಿನ್ನುವುದು ಸರಿಯಾ?"

೩. ಮೂಡುಬಿದಿರೆ

ಬಸದಿಯ ಹತ್ತಿರದ ಮನೆಯ ಅಜ್ಜಿ ಹಿಂದಿನ ಸಂಜೆ ಆರಕ್ಕೆ ಉಂಡವರು, ಮತ್ತೆ ನೀರನ್ನೂ ಮುಟ್ಟಿರಲಿಲ್ಲ. ನನಗೆ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಲೆಕ್ಕ ಭರ್ತಿ!

ಮರುದಿನ ಮೇಡಂ ಫೋನು. "ಆರು ಗಂಟೆಗೆ ಯಾರ್ರೀ ಊಟ ಮಾಡ್ತಾರೆ? ಸುಮ್ಮನೆ ಬರೀಬೇಡಿ."

"ಜೈನರು ಮೇಡಂ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ."

"ಎಷ್ಟು ದಿನದಿಂದ?"

"ಹುಟ್ಟಿದಂದಿನಿಂದ."

"ಯಾವ ಡಾಕ್ಟರ್ ಹೇಳಿದ್ದು?"

ಅಜ್ಜಿಯ ರಕ್ತ ತಿರಸ್ಕೃತವಾಯಿತು.

೪. ಫರಂಗಿಪೇಟೆ, ನಮ್ಮ ಮನೆ

ಒಂದೇ ಒಂದು ಕಡಿಮೆ. ಉಳಿದದ್ದು ಒಂದೇ ದಿನ. "ನೀವೇ ಕೊಡಿ, ಇಲ್ಲಾ ಮನೆಯವರದ್ದಾದ್ರೂ ಪರವಾಗಿಲ್ಲ" ಎಂದರು ಮೇಡಂ.

ಬೆಳಿಗ್ಗೆ ನನ್ನ ಫಾರಂ ನಾನೇ ತುಂಬಲು ಕೂತೆ. ಹೆಸರು, ವಯಸ್ಸು ಬರೆದೆ. 'ಕೊನೆಯದಾಗಿ ಆಹಾರ ಸೇವಿಸಿದ ಸಮಯ' ಎಂಬಲ್ಲಿ ಪೆನ್ನು ನಿಂತಿತು. ಎಡಗೈಯಲ್ಲಿ ಚಹಾದ ಲೋಟ, ಅದೂ ಖಾಲಿ. ದಿನಾ ಇಡುವ ಹಾಗೆ ಹೆಂಡತಿ ಇಟ್ಟಿದ್ದಳು, ದಿನಾ ಕುಡಿಯುವ ಹಾಗೆ ನಾನು ಕುಡಿದಿದ್ದೆ.

ತಲೆ ಮೇಲೆ ಕೈ ಹೊತ್ತು ಕೂತೆ. ಏನಾಯಿತೆಂದು ಅವಳು ಕೇಳಿದಾಗ ಕೆಲಸ ಹೋಗುವ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಅವಳು ಕೈ ಒರೆಸಿಕೊಂಡು ಬಂದು ನನ್ನೆದುರು ತೋಳು ಚಾಚಿ ಕೂತಳು.

"ನೀನು ಏನೂ ತಗೊಂಡಿಲ್ವಾ?"

"ನಿಮ್ಮನ್ನು ಕಳಿಸದೆ ನಾನು ಯಾವತ್ತು ತಿಂದದ್ದುಂಟು? ಆರು ವರ್ಷ ಊರವರನ್ನೆಲ್ಲ ಕೇಳಿದಿರಿ, ನನ್ನನ್ನು ಒಮ್ಮೆ ಕೇಳಿದಿರಾ?"

ಫಾರಂನಲ್ಲಿ ನನ್ನ ಹೆಸರು ಹೊಡೆದು ಅವಳದ್ದು ಬರೆದು, ಅವಳ ಮುಖ ನೋಡಿದೆ.

"ನೋಡ್ತಾ ಕೂರಬೇಡಿ, ಬೇಗ ತೆಗೀರಿ. ನನಗೆ ಹಸಿವಾಗ್ತದೆ."