ನೀರಿನ ಹುಡುಗರು, ಮಾತಿನ ಬಾಯಾರು

ಇಬ್ಬರ ನಡುವೆ ನಿಂತು ಮಾತು ದಾಟಿಸುವವರಿಗೆ ಬೇರೇನೂ ಸಿಗದಿದ್ದರೂ ನಗುವಿಗೆ ಬರ ಇರುವುದಿಲ್ಲ. ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹೋದ ವರ್ಷ ಸೂಟಿ ಬಿದ್ದ ಕೂಡಲೇ ಹಾಲೆಂಡಿನಿಂದ ಇಬ್ಬರು ಬಂದಿಳಿದರು. ಒಬ್ಬಳು ನೀರಿನ ಇಂಜಿನಿಯರ್ ಹುಡುಗಿ. ಇನ್ನೊಬ್ಬ ಅವಳ ಜೊತೆಗಾರ, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರದವನು. ಸಮುದ್ರ ದಾಟಿ ಬಂದು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಕೂಡಿಸುವುದು ಅವರ ಸೇವೆ. ಅವರ ಮಾತು ನಮ್ಮವರಿಗೂ ನಮ್ಮವರ ಮಾತು ಅವರಿಗೂ ಮುಟ್ಟಿಸುವುದು ನನ್ನ ಸೇವೆ. ಎರಡರಲ್ಲಿ ಅವರದೇ ಸುಲಭದ್ದು.

ಬಾಯಾರಿಕೆ

ಇಂಜಿನಿಯರ್ ಹುಡುಗಿ ಬರುವ ಮೊದಲೇ ಮೊಬೈಲಿನಲ್ಲಿ ಕನ್ನಡ ಕಲಿತಿದ್ದಳು. ಮೊದಲ ದಿನ ಬಾವಿಕಟ್ಟೆಯಲ್ಲಿ ಕೂತಿದ್ದ ಅಜ್ಜಿಯೊಬ್ಬಳಿಗೆ ಕೈಮುಗಿದು, "ಮಾತೆಯೇ, ತಾವು ಪ್ರತಿದಿನ ಯಾವ ಮೂಲದಿಂದ ಜಲವನ್ನು ಸಂಗ್ರಹಿಸುತ್ತೀರಿ?" ಅಂದಳು.

ಅಜ್ಜಿ ನನ್ನ ಕಡೆ ತಿರುಗಿ, "ನಮಗ ಇಂಗ್ಲಿಷ್ ತಿಳಿಯಂಗಿಲ್ರಿ. ಕನ್ನಡದಾಗ ಕೇಳಾಕ ಹೇಳ್ರಿ," ಅಂದಳು.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ 'ಬಾಯಾರು' ಅಂತಾರೆ. ಹುಡುಗಿಯ ಮೊಬೈಲಿಗೆ ಗೊತ್ತಿದ್ದದ್ದು 'ಬಾಯಾರಿಕೆ' ಒಂದೇ. ಓಣಿಯ ಮಕ್ಕಳು ದೂರದಿಂದ ನನ್ನನ್ನು ನೋಡಿ "ಬಾಯಾರ! ಬಾಯಾರ!" ಅಂತ ಕೂಗಿದ್ದೇ ತಡ, ಇವಳು ಬಾಟಲಿ ಹಿಡಿದು ಓಡಿದಳು. ಮಕ್ಕಳು ಬೇಡ ಅನ್ನಲಿಲ್ಲ. ಕುಡಿದು, ಮತ್ತೆ ಕೂಗಿದರು. ಸೈಕಲ್ ಮೇಲೆ ಹೊರಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ "ಬಾಯಾರ, ನಮಸ್ಕಾರ್ರೀ" ಅಂದ. ಅವನನ್ನೂ ಇಳಿಸಿ ಕುಡಿಸಿದಳು. ನಾನು ಆಚೆಗೆ ನಿಂತು ಊರ ಹಿರಿಯರ ಜೊತೆ ಮಾತಿನಲ್ಲಿ ಮುಳುಗಿದ್ದೆ. ಇದೇನು ನಡೆದಿದೆ ಅನ್ನುವುದೇ ನನಗೆ ಗೊತ್ತಾಗಲಿಲ್ಲ.

ಸಂಜೆ ಹುಡುಗಿ ಕಣ್ಣು ಒದ್ದೆ ಮಾಡಿಕೊಂಡು ಹೇಳಿದಳು: "ಇಷ್ಟು ಬಾಯಾರಿದ ಊರನ್ನು ನಾನು ಎಲ್ಲಿಯೂ ಕಂಡಿಲ್ಲ. ಅದರಲ್ಲೂ ನಿಮ್ಮನ್ನು ನೋಡಿದರೆ ಇವರಿಗೆ ತಡೆಯಲಿಕ್ಕೇ ಆಗುವುದಿಲ್ಲ."

ಮುಧೋಳದ ಜಾತಿ

ಪೈಪು ಕೊಳ್ಳಲು ಮುಧೋಳಕ್ಕೆ ಹೋಗಿದ್ದೆವು. ಅಂಗಡಿಯ ಮುಂದೆ ಒಂದು ಮುಧೋಳ ನಾಯಿ ನಿಂತಿತ್ತು. ಉದ್ದ ಕಾಲು, ಬಳುಕುವ ನಡು, ಎಣಿಸಬಹುದಾದ ಎಲುಬು. ಆ ತಳಿಯ ಅಂದವೇ ಅದು. ಇಂಜಿನಿಯರ್ ಹುಡುಗಿಗೆ ಅದು ಗೊತ್ತಿಲ್ಲ. "ಅಯ್ಯೋ ಪಾಪ, ಎಷ್ಟು ದಿನದ ಉಪವಾಸ!" ಅಂತ ಪಕ್ಕದ ಅಂಗಡಿಯಿಂದ ಬಿಸ್ಕೀಟು ತಂದಳು. ನಾಯಿ ಮೂಸಿ ನೋಡಿ ಮುಖ ತಿರುಗಿಸಿತು.

ಆ ನಾಯಿ ಸಾಕಿದ್ದ ಮೀಸೆಯ ಅಂಗಡಿ ಮಾಲಕ ಹೊರಗೆ ಬಂದ. "ಬಾಯಾರ, ಅಕಿ ಏನ್ ಅನ್ನಾಕತ್ತಾಳ?"

ಸುಳ್ಳು ಹೇಳಲು ಹೊಳೆಯಲಿಲ್ಲ. "ನಾಯಿಗೆ ಊಟ ಹಾಕಂಗಿಲ್ಲೇನು ಅಂತ ಕೇಳಾಕತ್ತಾಳ್ರಿ," ಅಂದೆ.

ಅವನ ಮೀಸೆ ನಡುಗಿತು. "ದಿನಾ ಹಾಲು, ತತ್ತಿ, ರೊಟ್ಟಿ! ನನ್ನಕಿಂತ ಛಲೋ ಉಣ್ತೈತಿ! ಜಾತಿನ ಹಂಗ, ಮೈ ಹಿಡಿಯಂಗಿಲ್ಲ!" ಅಂದವನು, ಅಷ್ಟರಲ್ಲಿ ಪೈಪು ಹೊತ್ತು ತಲೆ ತಗ್ಗಿಸಿ ಹೊರಬಂದ ನಮ್ಮ ಎತ್ತರದ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ದನಿ ಒಮ್ಮೆಲೇ ಮೆತ್ತಗಾಯಿತು.

"ಇಂವಾನೂ ಮುಧೋಳ ಜಾತಿಯಾಂವೇನ್ರಿ?"

ಹೋಗಿ ಬಾ

ಹುನ್ನೂರಿನಲ್ಲಿ ಒಬ್ಬ ಅಜ್ಜನ ಮನೆಯ ನೀರು ಪರೀಕ್ಷೆ ಮಾಡಲು ಎತ್ತರದ ಹುಡುಗ ಒಬ್ಬನೇ ಹೋಗಿದ್ದ. ಕೆಲಸ ಮುಗಿಯಿತು. ಅಜ್ಜ ಬೆನ್ನು ತಟ್ಟಿ, "ಹೋಗಿ ಬಾರಪಾ," ಅಂದ. ಹುಡುಗನಿಗೆ 'ಹೋಗು' ಗೊತ್ತಿತ್ತು, 'ಬಾ'ನೂ ಗೊತ್ತಿತ್ತು. ಹಿರಿಯರು ಹೇಳಿದ್ದಾರೆ, ಏನೋ ಪದ್ಧತಿ ಇರಬೇಕು ಅಂದುಕೊಂಡ. ಬಸ್ ಸ್ಟ್ಯಾಂಡಿನವರೆಗೆ ಹೋದ. ಬಂದ.

ಏನೋ ಮರೆತು ಹೋಗಿರಬೇಕೆಂದು ಅಜ್ಜ ಕೂಡಿಸಿ ಚಾ ಕೊಟ್ಟ. "ಹೋಗಿ ಬಾರಪಾ," ಅಂದ. ಹೋದ, ಬಂದ. ಈ ಸಲ ಅಜ್ಜಿ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟಳು. ಮತ್ತೆ "ಹೋಗಿ ಬಾ." ಬಿಸಿಲಲ್ಲಿ ಹುಡುಗ ಕೆಂಪು ಗಜ್ಜರಿ ಆಗಿದ್ದ. ಆದರೂ ಸಂಪ್ರದಾಯ ಮುರಿಯಲಿಲ್ಲ.

ಗಾಡಿ ಹೊರಡುವ ಹೊತ್ತಾಯಿತೆಂದು ನಾನು ಹುಡುಕಿಕೊಂಡು ಹೋದೆ. ಅಜ್ಜ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದ: "ಹುಡುಗ ಛಲೋ ಅದಾನ್ರಿ ಬಾಯಾರ. ಆದ್ರ ಹಿಂಗ ಮ್ಯಾಲಿಂದ ಮ್ಯಾಲೆ ಬರಾಕ ಮನ್ಯಾಗ ಲಗ್ನದ ಹುಡುಗಿ ಆದ್ರೂ ಇರಬೇಕಲ್ರಿ? ಇಲ್ಲಿ ಇರಾಕಿ ನನ್ನ ಮುದುಕಿ ಒಬ್ಬಾಕಿ!"

ಏನೂ ಇಲ್ಲ

ಬೀಳಗಿ ಕಡೆಯ ಒಂದು ಹಳ್ಳಿ. ಬೋರಿನಲ್ಲಿ ಬರುವುದು ಉಪ್ಪುಪ್ಪಾದ ಸವಳು ನೀರು. ಮಕ್ಕಳ ಹಲ್ಲೆಲ್ಲ ಕಂದು. ಇಬ್ಬರೂ ಬೆವರು ಸುರಿಸಿ ಅಲ್ಲಿ ಘಟಕ ಕೂಡಿಸಿದರು. ಉದ್ಘಾಟನೆಯ ದಿನ ಇಂಜಿನಿಯರ್ ಹುಡುಗಿ ಬನಹಟ್ಟಿಯ ಸೀರೆ ಉಟ್ಟಿದ್ದಳು. ಅಂದರೆ, ಸೀರೆಯನ್ನು ಪಿನ್ನುಗಳು ಹಿಡಿದುಕೊಂಡಿದ್ದವು.

ಮೊದಲ ಲೋಟ ಊರಿನ ಹಿರಿಯ ಹೆಂಗಸಿಗೆ ಕೊಟ್ಟರು. ಜಂಬದ ಮುದುಕಿ. ಅವಳು ಹೂಂ ಅಂದರೆ ಊರು ಕುಡಿಯುತ್ತದೆ, ಊಹೂಂ ಅಂದರೆ ಘಟಕಕ್ಕೆ ಬೀಗ. ಎಲ್ಲರ ಕಣ್ಣು ಅವಳ ಬಾಯಿ ಮೇಲೆ. ಮುದುಕಿ ಒಂದು ಗುಟುಕು ಕುಡಿದಳು. ನಾಲಿಗೆ ಆಡಿಸಿದಳು. ಜನ್ಮವೆಲ್ಲ ಸವಳು ಕುಡಿದ ನಾಲಿಗೆ ಅದು.

"ಇದರಾಗ ಏನೂ ಇಲ್ಲ!" ಅಂತ ಲೋಟ ಕೆಳಗಿಟ್ಟಳು.

ಇನ್ನು ಘಟಕಕ್ಕೆ ಬೀಗವೇ ಅಂದುಕೊಂಡೆ. ಆದರೂ ಇದ್ದದ್ದನ್ನು ಇದ್ದ ಹಾಗೇ ದಾಟಿಸಿದೆ: ನೀರಿನಲ್ಲಿ ಏನೂ ಇಲ್ಲವಂತೆ.

ಹುಡುಗಿ ಚೀರಿ ಹಾರಿದಳು! ಏನೂ ಇಲ್ಲದ ನೀರು ಮಾಡುವುದಕ್ಕೇ ಅಲ್ಲವೇ ಅವಳು ಬಂದದ್ದು? ಓಡಿಹೋಗಿ ಮುದುಕಿಯನ್ನು ಅಪ್ಪಿಕೊಂಡು ಗಿರ್ರನೆ ತಿರುಗಿಸಿದಳು. ಎರಡು ಪಿನ್ನು ಸಿಡಿದವು.

"ಏನೂ ಇಲ್ಲಂದ್ರ ಇಷ್ಟು ಕುಣಿತಾಳ, ಏನರ ಇದ್ದಿದ್ರ ಏನ್ ಮಾಡ್ತಿದ್ಲು!" ಅಂದಳು ಮುದುಕಿ. ಎಲ್ಲರೂ ನಕ್ಕರು. ಆದರೆ ಒಬ್ಬರೂ ನಳದ ಕೆಳಗೆ ಕೊಡ ಹಿಡಿಯಲಿಲ್ಲ. ಹುಡುಗಿಯ ನಗು ನಿಧಾನಕ್ಕೆ ಇಳಿಯತೊಡಗಿತು.

ಹಿಡಿದವಳು ಒಬ್ಬಳೇ, ಮುದುಕಿಯ ಸೊಸೆ. ಒಂದು ಕೊಡ ತುಂಬಿಸಿಕೊಂಡು ನೇರ ಮನೆಗೆ ಹೋದಳು. ಭಾಷಣಗಳು ಮುಗಿದು ಜನ ಏಳುವಷ್ಟರಲ್ಲಿ ಪಾತೇಲಿ ಹಿಡಿದು ಓಡುತ್ತ ಬಂದಳು.

"ನೋಡ್ರಿ! ತೊಗರಿ ಬ್ಯಾಳಿ ಬೆಣ್ಣಿ ಆಗೇತಿ! ಈ ನೀರಾಗ ಕುದಿಸಿದ್ದು!"

ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಆ ಊರಿನಲ್ಲಿ ಸಾರಿನ ಬೇಳೆ ಕಲ್ಲಿನಂತೆ ಕಟಗುಟ್ಟುತ್ತಿತ್ತು. ಹೆಂಗಸರು ಪಾತೇಲಿಯಲ್ಲಿ ಬೆರಳಾಡಿಸಿ ನೋಡಿದರು. ಮರುಗಳಿಗೆಗೆ ಕೊಡ ತರಲು ಮನೆಗಳತ್ತ ಓಟ! ನಳದ ಮುಂದೆ ನೂಕಾಟ. ನಮ್ಮಿಬ್ಬರು ಅತಿಥಿಗಳು ಅಳುತ್ತಲೇ ನಗುತ್ತಿದ್ದರು.

ಮುದುಕಿ ಮಾತ್ರ ನನ್ನ ಸೆರಗು ಜಗ್ಗಿದಳು. "ಬಾಯಾರ, ಇವರಿಗೆ ಹೇಳ್ರಿ, ಈ ಮಶೀನ್ ಬಿಚ್ಕೊಂಡು ಹೋಗ್ಲಿ."

"ಯಾಕಬೇ ಯಮ್ಮಾ?"

"ಸೊಸಿಗೆ ಅಕಿ ಬಂದಾಗಿಂದ, 'ನಿನ್ನ ಕೈಗುಣ ಸರಿ ಇಲ್ಲ, ಅದಕ್ಕ ಬ್ಯಾಳಿ ಬೇಯಂಗಿಲ್ಲ' ಅಂತ ಬೈಕೋತ ಬಂದೇನಿ. ಇನ್ನ ನಾ ಏನಂತ ಬೈಲಿ?"

ಹುಡುಗಿ, "ಏನಂತೆ? ಏನಂತೆ?" ಅಂತ ಪೀಡಿಸಿದಳು. ಹೇಳಿದೆ. ಅವಳು ನಳದ ಕೆಸರಿನಲ್ಲೇ ಕೂತು, ಉಳಿದ ಪಿನ್ನುಗಳೂ ಸಿಡಿಯುವಂತೆ ನಕ್ಕಳು. ಮುದುಕಿ ಅವಳನ್ನು ಗಂಭೀರವಾಗಿ ನೋಡಿ ಅಂದಳು:

"ನಗ್ಲಿ, ನಗ್ಲಿ. ಅಕಿಗೂ ಒಬ್ಬಾಕಿ ಸೊಸಿ ಬರ್ಲಿ."