ನಲವತ್ತೆರಡು ಲೀಟರ್ ನೀರಿನ ಪರಾರಿ ಪ್ರಕರಣ

ನಮ್ಮ ಪ್ರಮಾಣಪತ್ರಗಳ ಕಚೇರಿಯ ಸ್ವಾಗತ ಕೋಣೆಯಲ್ಲಿ ನಾನೂರು ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ಎರಡು ಸಮುದ್ರದ ಮೀನುಗಳು ಸೇವೆಯಲ್ಲಿವೆ. ಸರದಿಯಲ್ಲಿ ನಿಂತ ಸಾರ್ವಜನಿಕರು ತಾಳ್ಮೆಗೆಡದಂತೆ ನೋಡಿಕೊಳ್ಳುವುದು ಅವುಗಳ ಕರ್ತವ್ಯ. ನಮ್ಮ ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹಾಜರಿರುವವರು ಅವರಿಬ್ಬರೇ ಎಂಬುದನ್ನು ಟಿಪ್ಪಣಿ ಬರೆಯುವ ಗುಮಾಸ್ತನಾದ ನಾನು ಯಾವ ಟಿಪ್ಪಣಿಯಲ್ಲೂ ಬರೆದಿಲ್ಲ.

ತೊಟ್ಟಿ ನೋಡಿಕೊಳ್ಳುವವಳನ್ನು ಎಲ್ಲರೂ ಮೀನಕ್ಕ ಎನ್ನುತ್ತಾರೆ. ಕಿತ್ತಳೆ ಬಣ್ಣದ ಮೀನನ್ನು ಅವಳು ದೊಡ್ಡೋನು ಎಂದೂ ಹಳದಿಯದನ್ನು ಚಿಕ್ಕೋಳು ಎಂದೂ ಕರೆಯುತ್ತಾಳೆ. ಬೆರಳುಗುರಿನಷ್ಟಿದ್ದಾಗ ತಂದು ಸಾಕಿದವಳು ಅವಳೇ. ಆರು ವರ್ಷದಿಂದ ದಿನಾ ಬೆಳಿಗ್ಗೆ ತೊಟ್ಟಿಯ ಹಿಂಬದಿಯ ಕಿರುಕೋಣೆಗೆ, ಅಂದರೆ ಪಂಪ್ ಇರುವ ಜಾಗಕ್ಕೆ, ಎರಡು ಲೀಟರಿನ ಒಂದು ಜಗ್ಗು ಸಿಹಿನೀರು ಸುರಿಯುತ್ತಿದ್ದಳು. ಯಾರನ್ನೂ ಕೇಳಿ ಸುರಿದವಳಲ್ಲ. ಆ ಅವಧಿಯಲ್ಲಿ ತೊಟ್ಟಿಗೆ ಯಾವ ತೊಂದರೆಯೂ ಬಂದಿರಲಿಲ್ಲವಾದ್ದರಿಂದ ಈ ಅಕ್ರಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೀಗಿರುವಾಗ ಬೆರಳಚ್ಚು ವಿಭಾಗದವನೊಬ್ಬ ತನ್ನ ಕಾಫಿ ಲೋಟವನ್ನು ತೊಟ್ಟಿಯಲ್ಲಿ ತೊಳೆಯುತ್ತಿದ್ದುದು ದೊಡ್ಡ ಸಾಹೇಬರ ಗಮನಕ್ಕೆ ಬಂತು. ಅಂದೇ ಸುತ್ತೋಲೆ ಹೊರಟಿತು: ‘ಅನುಮತಿ ಇಲ್ಲದೆ ತೊಟ್ಟಿಗೆ ಯಾವ ವಸ್ತುವನ್ನೂ ಹಾಕತಕ್ಕದ್ದಲ್ಲ.’ ಮುಚ್ಚಳಕ್ಕೆ ಬೀಗ ಬಿತ್ತು, ಬೀಗದ ಕೈ ಉಗ್ರಾಣದವರ ಸೊಂಟ ಸೇರಿತು. ಮೀನಿನ ಆಹಾರ, ಸೋಸುವ ಬಟ್ಟೆ ಉಗ್ರಾಣದ ಪುಸ್ತಕದಲ್ಲಿ ನಮೂದಾಗಿದ್ದರಿಂದ ಅವಕ್ಕೆ ವಿನಾಯಿತಿ ಸಿಕ್ಕಿತು, ಆಗೆಲ್ಲ ಉಗ್ರಾಣದವರೇ ಎದುರು ನಿಂತು ಬೀಗ ತೆಗೆಯುತ್ತಿದ್ದರು. ಜಗ್ಗಿನ ನೀರು ಯಾವ ಪುಸ್ತಕದಲ್ಲೂ ಇರಲಿಲ್ಲ.

ಇಪ್ಪತ್ತೊಂದು ದಿನಗಳ ನಂತರ ತೊಟ್ಟಿಯ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. ಹಿಂದಿನ ಕಿರುಕೋಣೆಯಲ್ಲಿ ನೀರು ತಗ್ಗಿದೆ, ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೆದು ಉಗುಳುತ್ತಿದೆ, ಇನ್ನು ನಾಲ್ಕು ಬೆರಳು ತಗ್ಗಿದರೆ ಪಂಪ್ ಸುಟ್ಟು ಮೀನುಗಳು ಉಸಿರುಗಟ್ಟಿ ಸಾಯುತ್ತವೆ ಎಂದು ಮೀನಕ್ಕ ಅರ್ಜಿ ಕೊಟ್ಟಳು. ಪರಿಹಾರವನ್ನೂ ಬರೆದಿದ್ದಳು: ಸಿಹಿನೀರು ಹಾಕಬೇಕು. ಪರಿಹಾರ ಇಷ್ಟು ಸುಲಭವಾಗಿದ್ದುದರಿಂದ ಅರ್ಜಿಯ ಮೇಲೆ ಸಹಜವಾಗಿಯೇ ಅನುಮಾನ ಹುಟ್ಟಿತು.

ಉಗ್ರಾಣದವರು ಬೇರೊಂದು ದಾರಿ ಸೂಚಿಸಿದರು. ಅವರ ಭಾವಮೈದುನನ ಅಂಗಡಿಯಲ್ಲಿ ಗುಳ್ಳೆ ನಿವಾರಕ ಪುಡಿ ದೊರೆಯುತ್ತದೆಂದು ಅವರಿಗೆ ಆಕಸ್ಮಿಕವಾಗಿ ತಿಳಿದುಬಂದಿತ್ತು. ಅನುಮತಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಮೀನಕ್ಕ ಬೇಡ ಬೇಡವೆಂದರೂ ಆರು ಡಬ್ಬಿ ಪುಡಿ ಸುರಿದರು. ನೀರು ಸುಣ್ಣ ಕಲಸಿದಂತೆ ಬೆಳ್ಳಗಾಯಿತು, ಮೀನುಗಳೂ ಕಾಣಿಸದಾದವು. ‘ಗುಳ್ಳೆಗಳು ಈಗ ಕಣ್ಣಿಗೆ ಬೀಳುತ್ತಿಲ್ಲ’ ಎಂದು ಯಶಸ್ಸಿನ ವರದಿ ಸಲ್ಲಿಕೆಯಾಯಿತು. ಆ ವರದಿ ಬರೆದವನು ನಾನೇ. ಬರೆಯುವಾಗ ನಾಚಿಕೆಯಾಯಿತು, ಆದರೆ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ.

ಮೀನಕ್ಕ ಎರಡು ದಿನ ಸೋಸುವ ಬಟ್ಟೆಯನ್ನು ತೊಳೆದು ತೊಳೆದು ಹಾಕಿ ಪುಡಿಯನ್ನು ಹೊರತೆಗೆದಳು. ಗುಳ್ಳೆಗಳು ಮತ್ತೆ ಕಂಡವು. ಅವಳು ಉಗ್ರಾಣಕ್ಕೆ ನುಗ್ಗಿದಳು, ನಾನೂ ಹಿಂದೆಯೇ ಹೋದೆ.

“ತೊಟ್ಟಿಯಿಂದ ಹೋಗಿರೋದು ಉಪ್ಪುನೀರು,” ಎಂದರು ಉಗ್ರಾಣದವರು. “ಅದರ ಜಾಗಕ್ಕೆ ಸಿಹಿನೀರು ಹಾಕಿದ್ರೆ ಕಲಬೆರಕೆ ಆಗುತ್ತಲ್ಲಮ್ಮ.”

“ಆವಿ ಆಗೋದು ಬರೀ ನೀರು ಸಾರ್. ಉಪ್ಪು ಅಲ್ಲೇ ಇರುತ್ತೆ.”

“ನೀರು ಹೋಗಿದೆ ಅಂತ ನೀನೇ ಒಪ್ಕೊಂಡ ಹಾಗಾಯ್ತು. ಗೇಟ್ ಪಾಸ್ ಎಲ್ಲಿ?”

ಗೇಟ್ ಪಾಸ್ ಇರಲಿಲ್ಲ. ಕಚೇರಿಯ ಸ್ವತ್ತಾದ ನಲವತ್ತೆರಡು ಲೀಟರ್ ನೀರು ಪಾಸ್ ಇಲ್ಲದೆ ಪರಾರಿಯಾಗಿದೆಯೆಂದು ಪ್ರಕರಣ ದಾಖಲಾಯಿತು. ದೊಡ್ಡ ಸಾಹೇಬರು ನನ್ನನ್ನೇ ವಿಚಾರಣಾಧಿಕಾರಿಯಾಗಿ ನೇಮಿಸಿದರು, ಏಕೆಂದರೆ ನನ್ನ ಅಕ್ಷರ ದುಂಡಗಿದೆ.

ಮೊದಲು ಕಾವಲುಗಾರನನ್ನು ಕೇಳಿದೆ. ಆ ಇಪ್ಪತ್ತೊಂದು ದಿನ ಒದ್ದೆಯಾದದ್ದೇನೂ ಗೇಟು ದಾಟಿಲ್ಲವೆಂದು ಅವನು ಪ್ರಮಾಣ ಮಾಡಿದ. ಆಮೇಲೆ ಮೀನಕ್ಕನ ಉಪ್ಪಳೆಯುವ ಮೀಟರನ್ನು ತೊಟ್ಟಿಗಿಳಿಸಿ ನೋಡಿದೆವು. ನೀರು ತಗ್ಗಿದಷ್ಟೇ ಉಪ್ಪಿನ ಅಂಕಿ ಏರಿತ್ತು, ಲೆಕ್ಕ ಹಾಕಿದರೆ ಒಂದು ಹರಳೂ ಕಡಿಮೆಯಾಗಿರಲಿಲ್ಲ. ‘ಉಪ್ಪು ಕಚೇರಿಗೆ ನಿಷ್ಠವಾಗಿ ಉಳಿದಿದೆ, ಓಡಿಹೋಗಿರುವುದು ನೀರು ಮಾತ್ರ’ ಎಂದು ಬರೆದುಕೊಂಡೆ. ಕಲಬೆರಕೆಯ ಆಕ್ಷೇಪಣೆ ಅಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ನೀರು ಎಲ್ಲಿಗೆ ಹೋಯಿತು ಎಂದು ಮೀನಕ್ಕನನ್ನು ಕೇಳಿದೆ. ಅವಳು ನಿದ್ದೆಗೆಟ್ಟ ಕಣ್ಣುಗಳಿಂದ ನನ್ನನ್ನೇ ದಿಟ್ಟಿಸಿದಳು.

“ಎಲ್ಲೂ ಹೋಗಿಲ್ಲಣ್ಣ. ಇಲ್ಲೇ ಗಾಳೀಲಿದೆ. ನೀವೆಲ್ಲ ಉಸಿರಾಡಿದ್ದೀರಿ.”

ಅವಳು ಬೇಸತ್ತು ಹೇಳಿದ ಮಾತು. ನಾನು ಬರೆದುಕೊಂಡೆ. ಬರೆದ ಮೇಲೆ ಅದು ಹೇಳಿಕೆಯಾಯಿತು, ಸಹಿ ಬಿದ್ದ ಮೇಲೆ ಸಾಕ್ಷ್ಯವಾಯಿತು, ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ಇಪ್ಪತ್ತೆಂಟು ಮಂದಿ ಸಿಬ್ಬಂದಿ ಕರ್ತವ್ಯದ ಅವಧಿಯಲ್ಲಿ ಕಚೇರಿಯ ನೀರನ್ನು ಮೂಗಿನ ಮೂಲಕ ಸ್ವಂತಕ್ಕೆ ಬಳಸಿಕೊಂಡಿರುವುದು ಸಾಬೀತಾಗಿದೆ. ತಲಾ ಒಂದೂವರೆ ಲೀಟರನ್ನು ಮೂರು ದಿನದೊಳಗೆ ವಾಪಸು ಮಾಡತಕ್ಕದ್ದು. ‘ಸೋಸಿದ್ದಾಗಿರತಕ್ಕದ್ದು’ ಎಂಬ ಪದ ಸೇರಿಸಿದವಳು ಮೀನಕ್ಕ. ಅಷ್ಟರಲ್ಲಿ ಪಂಪ್ ಸುಡಲು ಉಳಿದಿದ್ದದ್ದು ಎರಡೇ ಬೆರಳು ನೀರು.

ತೀರ್ಮಾನದ ಬಗ್ಗೆ ಕಚೇರಿಯಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ, ಲೆಕ್ಕದ ಬಗ್ಗೆ ಮಾತ್ರ ಮಾಡಿದರು. ರಜೆಯಲ್ಲಿದ್ದವರು ತಾವು ಆ ದಿನಗಳಲ್ಲಿ ಮನೆಯಲ್ಲೇ ಉಸಿರಾಡಿದ್ದಕ್ಕೆ ದಾಖಲೆ ತಂದರೂ ವಿನಾಯಿತಿ ಸಿಗಲಿಲ್ಲ. ನೆಗಡಿಯಾಗಿದ್ದವನೊಬ್ಬ ಒಂದೇ ಹೊಳ್ಳೆಗೆ ಲೆಕ್ಕ ಹಿಡಿಯಬೇಕೆಂದು ಕೋರಿದ, ಬಾಯಿಂದ ಉಸಿರಾಡಿರುವ ಸಾಧ್ಯತೆ ಇದ್ದುದರಿಂದ ಕೋರಿಕೆ ತಿರಸ್ಕೃತವಾಯಿತು. ಉಗ್ರಾಣದವರು ಬೀಗ ತೆಗೆದರು. ಎಲ್ಲರೂ ಬಾಟಲಿ ಹಿಡಿದು ಸಾಲಾಗಿ ನಿಂತರು. ದೊಡ್ಡ ಸಾಹೇಬರು ಬೆಳ್ಳಿಯ ಚೊಂಬಿನಲ್ಲಿ ತಂದರು, ಅವರ ಉಸಿರಿಗೆ ಒಂದು ಅಂತಸ್ತಿದೆ. ಒಮ್ಮೆಲೇ ಸುರಿದರೆ ಮೀನಿಗೆ ಆಗದೆಂದು ಮೀನಕ್ಕ ಎರಡು ದಿನ ಒಂದೊಂದೇ ಬಾಟಲಿಯಾಗಿ ಸುರಿದಳು.

ಎರಡನೆಯ ದಿನ ಮಧ್ಯಾಹ್ನ ಪಂಪಿನ ಗೊರಗೊರ ನಿಂತಿತು. ಗುಳ್ಳೆ ಒಂದೂ ಇರಲಿಲ್ಲ. ದೊಡ್ಡೋನು ಕಲ್ಲಿನ ಸಂದಿಯಿಂದ ಹೊರಬಂದ, ಅವನ ಬೆನ್ನಿಗೇ ಚಿಕ್ಕೋಳು. ಮೀನಕ್ಕ ಗಾಜಿಗೆ ಹಣೆ ಒತ್ತಿ ಅತ್ತಳು. ನನಗೂ ಸಂತೋಷವಾಯಿತು, ಯಾವ ನಮೂನೆಯಲ್ಲೂ ತುಂಬಲಾಗದಷ್ಟು.

ಮಾರನೆಯ ದಿನ ದೊಡ್ಡ ಸಾಹೇಬರು ‘ವಸೂಲಾತಿ ಪೂರ್ಣ, ಪ್ರಕರಣ ಮುಕ್ತಾಯ’ ಎಂದು ಬರೆದು ಸಹಿ ಮಾಡಿದರು. ಬೀಗ ಮತ್ತೆ ಬಿತ್ತು. ಪ್ರಕರಣವೇ ಇಲ್ಲವೆಂದ ಮೇಲೆ ನೀರು ಹಾಕಲು ಕಾರಣವೂ ಇಲ್ಲ. ಇನ್ನು ಮೂರು ವಾರಕ್ಕೆ ಮೊದಲಿನ ಪಾಡೇ ಎಂಬುದು ಗೊತ್ತಿದ್ದವರು ನಾವಿಬ್ಬರೇ. ಮೀನಕ್ಕ ನನ್ನಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು, ಬರೆದುಕೊಂಡು ದೊಡ್ಡ ಸಾಹೇಬರ ಕೋಣೆಗೆ ಹೋದಳು.

“ಇಪ್ಪತ್ತೆಂಟು ಜನ ಬರೀ ಆವಿ ತಗೊಂಡಿದ್ದಕ್ಕೆ ವಸೂಲಿ ಮಾಡಿದ್ರಿ ಸಾರ್. ಆರು ವರ್ಷದಿಂದ ಹಗಲೂ ರಾತ್ರಿ ಆ ನೀರಲ್ಲೇ ಇರೋರು ಇಬ್ಬರಿದ್ದಾರೆ. ಅವರನ್ನ ಯಾರೂ ಕೇಳೇ ಇಲ್ಲ.”

ದೊಡ್ಡ ಸಾಹೇಬರು ಬೆವರಿದರು. ಇಷ್ಟು ದೊಡ್ಡ ಲೋಪ ತಮ್ಮ ಕಾಲದಲ್ಲೇ ಆಗಬೇಕೆ? “ಅವು ಉತ್ತರ ಕೊಡ್ತಾವಾ?” ಎಂದು ಕೇಳಿದರು.

“ಕೊಡದಿದ್ರೆ ಕಾಲಾವಕಾಶ ಕೊಡ್ಬೇಕು ಸಾರ್. ನಿಯಮ ಹಾಗಿದೆ.”

ದೊಡ್ಡೋನು ಒಂದನೆಯ ಆಪಾದಿತ, ಚಿಕ್ಕೋಳು ಎರಡನೆಯ ಆಪಾದಿತೆ. ಆದೇಶವನ್ನು ನಾನೇ ದುಂಡಗೆ ಬರೆದೆ: ‘ವಿಚಾರಣೆ ಮುಗಿಯುವವರೆಗೆ ಆಪಾದಿತರ ಜೀವಕ್ಕೆ ಅಪಾಯವಾಗಕೂಡದು. ನೀರಿನ ಮಟ್ಟ ಸಾಕ್ಷ್ಯವಾದ್ದರಿಂದ ಅದು ಇಳಿಯದಂತೆ ದಿನವೂ ಎರಡು ಲೀಟರ್ ಸಿಹಿನೀರು ತುಂಬತಕ್ಕದ್ದು. ಆಪಾದಿತರ ಮುಖ ಸ್ಪಷ್ಟವಾಗಿ ಕಾಣುವಂತೆ ನೀರನ್ನು ತಿಳಿಯಾಗಿಡತಕ್ಕದ್ದು.’ ಬೀಗದ ಕೈ ಮೀನಕ್ಕನಿಗೆ ಹಸ್ತಾಂತರವಾಯಿತು.

ಈಗ ಪ್ರತಿ ಸೋಮವಾರ ಹನ್ನೊಂದಕ್ಕೆ ನಾನು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಪ್ರಶ್ನಾವಳಿ ಓದುತ್ತೇನೆ. ಆಪಾದಿತರು ಗಾಜಿನ ಹತ್ತಿರ ಬಂದು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ‘ಸಹಕರಿಸುತ್ತಿದ್ದಾರೆ, ಕೇಳಿಸುತ್ತಿಲ್ಲ’ ಎಂದು ಬರೆಯುತ್ತೇನೆ. ಮೀನಕ್ಕ ಪೋಷಕಿಯ ಜಾಗದಲ್ಲಿ ಸಹಿ ಹಾಕಿ ಕಾಲಾವಕಾಶ ಕೋರುತ್ತಾಳೆ, ಮಂಜೂರಾಗುತ್ತದೆ. ಸರದಿಯಲ್ಲಿ ನಿಂತ ಜನ ಅಷ್ಟು ಹೊತ್ತು ಮಾತು ನಿಲ್ಲಿಸಿ ಗೌರವದಿಂದ ಸರಿದು ನಿಲ್ಲುತ್ತಾರೆ. ಕಳೆದ ವಾರ ನಮ್ಮ ನಿವೃತ್ತ ನೌಕರರೊಬ್ಬರು ಕೋಲೂರಿಕೊಂಡು ಬಂದು, ಗಾಜಿನ ಬಳಿ ಬಾಗಿ, ಚಿಕ್ಕೋಳಿಗೆ ಧೈರ್ಯ ಹೇಳಿದರು.

“ಹೆದರ್ಬೇಡಮ್ಮ. ನನ್ನ ವಿಚಾರಣೆ ಶುರುವಾಗಿ ಹತ್ತೊಂಬತ್ತು ವರ್ಷ ಆಯ್ತು. ಏನೂ ಆಗಲ್ಲ.”